ಉದ್ಯೋಗದ ಸುದ್ದಿ ಮತ್ತು ದುರ್ಬಲ ಬಂಧಗಳು

ಒಂದು ಲೋಟ ನೀರನ್ನು ಎದುರಿಗೆ ಇಟ್ಟುಕೊಳ್ಳಿ. ನೀರಿನ ಪ್ರತಿ ಅಣುವಿನಲ್ಲಿಯೂ ಆಕ್ಸಿಜನ್ ಪರಮಾಣು ಎರಡು ಹೈಡ್ರೋಜನ್ ಪರಮಾಣುಗಳನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಈ ಸಹವೇಲೆನ್ಸೀಯ ಬಂಧವನ್ನು ಮುರಿಯಲು ಮೋಲ್ ಒಂದಕ್ಕೆ ಸುಮಾರು 460 ಕಿಲೋಜೂಲ್ ಶಕ್ತಿ ಬೇಕು. ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವ ಹೈಡ್ರೋಜನ್ ಬಂಧವನ್ನು ಮುರಿಯಲಾದರೋ ಸುಮಾರು 20 ಕಿಲೋಜೂಲ್ ಸಾಕು. ಆದರೂ ಕೊಠಡಿಯ ತಾಪದಲ್ಲಿ ನೀರು ಅನಿಲವಾಗಿ ಹಾರಿಹೋಗದೆ ದ್ರವವಾಗಿ ಲೋಟದಲ್ಲಿ ನಿಂತಿದೆಯಲ್ಲ, ಅದಕ್ಕೆ ಕಾರಣ ಈ ದುರ್ಬಲ ಬಂಧಗಳೇ. ಬಲವಾದ ಬಂಧ ಅಣುವನ್ನು ಕಟ್ಟಿತು. ಅಣುಗಳನ್ನೆಲ್ಲ ಒಂದುಗೂಡಿಸಿದ್ದು ದುರ್ಬಲ ಬಂಧ.

ಪದವಿ ತರಗತಿಯ ರಸಾಯನವಿಜ್ಞಾನದಲ್ಲಿ ಈ ಪಾಠವನ್ನು ಕೇಳಿದ ಅಮೆರಿಕದ ವಿದ್ಯಾರ್ಥಿಯೊಬ್ಬನಿಗೆ ಅದು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅವನ ವಿಷಯ ಇತಿಹಾಸ, ಮುಂದೆ ಸಮಾಜವಿಜ್ಞಾನಿಯಾದ. ಅವರ ಹೆಸರು ಮಾರ್ಕ್ ಗ್ರಾನೊವೆಟರ್. ಮನುಷ್ಯ ಸಂಬಂಧಗಳಲ್ಲಿಯೂ ಇಂಥದೇ ಏರ್ಪಾಡು ಇರಬಹುದೆಂದು ವಾದಿಸಿ ಅವರು 1969ರಲ್ಲಿ ಒಂದು ಪತ್ರಿಕೆಗೆ ಕಳುಹಿಸಿದ ಪ್ರಬಂಧ ತಿರಸ್ಕೃತವಾಯಿತು. ಅದನ್ನು ತಿದ್ದಿ ಬರೆದದ್ದು 1973ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಸೋಶಿಯಾಲಜಿ'ಯಲ್ಲಿ ಪ್ರಕಟವಾಯಿತು. 'ದುರ್ಬಲ ಬಂಧಗಳ ಬಲ' ಎಂಬುದು ಅದರ ಶೀರ್ಷಿಕೆಯ ಅರ್ಥ. ಉದ್ಯೋಗ ಹುಡುಕುವವರಿಗಾಗಿ ಅಂತರ್ಜಾಲದಲ್ಲಿ ಸಮುದಾಯ ಕಟ್ಟಲು ಹೊರಟವರು ಮೊದಲು ತಿಳಿಯಬೇಕಾದದ್ದು ಈ ಪ್ರಬಂಧವನ್ನು ಎಂದು ನನ್ನ ಅಭಿಪ್ರಾಯ. ತಂತ್ರಾಂಶದ ಮಾತು ಆಮೇಲೆ.

ಗ್ರಾನೊವೆಟರ್ ಅಧ್ಯಯನ ನಡೆಸಿದ್ದು ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ. (ನಮ್ಮ ನ್ಯೂಟನ್‌ಗೂ ಅದಕ್ಕೂ ಸಂಬಂಧವಿಲ್ಲ!) ಆಗತಾನೆ ಕೆಲಸ ಬದಲಿಸಿದ್ದ 282 ಮಂದಿ ವೃತ್ತಿಪರರು, ತಂತ್ರಜ್ಞರು ಮತ್ತು ವ್ಯವಸ್ಥಾಪಕರನ್ನು ಅವರು ಮಾತನಾಡಿಸಿದರು ಅಥವಾ ಅಂಚೆಯಲ್ಲಿ ಪ್ರಶ್ನಿಸಿದರು. ಅವರಲ್ಲಿ ಶೇಕಡ 56ರಷ್ಟು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಿತರ ಮೂಲಕ. ಇದು ಅಷ್ಟೇನೂ ಅಚ್ಚರಿಯ ಸಂಗತಿಯಲ್ಲ. ಸುದ್ದಿ ಕೊಟ್ಟ ವ್ಯಕ್ತಿಯನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದಾಗ ಬಂದ ಉತ್ತರವನ್ನು ನೋಡಿ. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುವವರು ಶೇಕಡ 16.7. ವರ್ಷಕ್ಕೊಮ್ಮೆಗಿಂತ ಹೆಚ್ಚು, ವಾರಕ್ಕೆ ಎರಡು ಸಲಕ್ಕಿಂತ ಕಡಿಮೆ ಭೇಟಿಯಾಗುವವರು ಶೇಕಡ 55.6. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತಲೂ ಅಪರೂಪಕ್ಕೆ ಕಾಣುವವರು ಶೇಕಡ 27.8. "ಸುದ್ದಿ ಕೊಟ್ಟವರು ನಿಮ್ಮ ಗೆಳೆಯರೋ?" ಎಂದು ಕೇಳಿದರೆ, ಗೆಳೆಯರಲ್ಲ, ಬರೀ ಪರಿಚಯದವರು ಎಂದು ಅವರು ಮತ್ತೆ ಮತ್ತೆ ತಿದ್ದುತ್ತಿದ್ದರಂತೆ.

ಇದು ಏಕೆ ಹೀಗೆ? ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಸಂಶೋಧನಾ ಸಂಸ್ಥೆಯೊಂದರ ಪ್ರಕಟಣೆಯನ್ನು ಹಿಡಿದು ನನ್ನ ಕೊಠಡಿಗೆ ಬಂದಳು. ಯೋಜನಾ ಸಹಾಯಕರ ಹುದ್ದೆ. ಅವಳ ಅರ್ಹತೆಗೆ ಅಳತೆ ತೆಗೆದು ಹೊಲಿದಂತಿತ್ತು. ಅರ್ಜಿಯ ಕೊನೆಯ ದಿನ ಮುಗಿದು ಎರಡು ದಿನವಾಗಿತ್ತು. ಅದೇ ಸಂಸ್ಥೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸ ಮಾಡುತ್ತಿದ್ದ. ಅವನ ದೂರವಾಣಿ ಸಂಖ್ಯೆ ನನ್ನ ಬಳಿ ಇತ್ತು. ಆದರೆ ಇಂಥ ಹುಡುಗಿ ಇದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ, ಇಂಥ ಹುದ್ದೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಅವಳ ಜೊತೆಗಿದ್ದ ನಾಲ್ವರು ಗೆಳತಿಯರು ಅವಳಿಗಾಗಿ ಏನು ಬೇಕಾದರೂ ಮಾಡುವಂಥವರು. ಅದರಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಅವರಿಗೆ ಗೊತ್ತಿದ್ದದ್ದೆಲ್ಲ ಅವಳಿಗೆ ಆಗಲೇ ಗೊತ್ತಿತ್ತು.

ಆಪ್ತರ ವಿಷಯದಲ್ಲಿ ಆಗುವುದೇ ಹೀಗೆ. ನಿಮಗೆ ಇಬ್ಬರು ಆಪ್ತ ಮಿತ್ರರಿದ್ದರೆ ಅವರಿಬ್ಬರೂ ಪರಸ್ಪರ ಪರಿಚಿತರಾಗಿರುವ ಸಂಭವ ಬಹಳ ಹೆಚ್ಚು. ಹೀಗೆ ತ್ರಿಭುಜಗಳು ಮುಚ್ಚಿಕೊಳ್ಳುತ್ತ ಹೋಗಿ ಗುಂಪು ಬಿಗಿಯಾಗುತ್ತದೆ, ಅದೇ ಸುದ್ದಿ ಗುಂಪಿನೊಳಗೇ ಸುತ್ತುತ್ತದೆ. ಎರಡು ಗುಂಪುಗಳ ನಡುವೆ ಸೇತುವೆಯಾಗುವ ಕೊಂಡಿ ಬಹುಮಟ್ಟಿಗೆ ದುರ್ಬಲವೇ ಆಗಿರುತ್ತದೆ, ಏಕೆಂದರೆ ಬಲವಾದದ್ದಾಗಿದ್ದರೆ ಅದರ ಸುತ್ತ ಬೇಗನೆ ತ್ರಿಭುಜ ಮುಚ್ಚಿಕೊಂಡು ಎರಡು ಗುಂಪುಗಳು ಒಂದಾಗಿಬಿಡುತ್ತಿದ್ದವು. ಹೊಸ ಸುದ್ದಿ ಬರುವುದು ಸೇತುವೆಯ ಮೇಲೆ.

ಸರಿ, ಕೊಂಡಿಗಳು ಬೇಕು. ಎಷ್ಟು ಬೇಕು? ಇಲ್ಲಿ ಭೌತವಿಜ್ಞಾನ ಓದಿದವರಿಗೆ ಪರಿಚಿತವಾದ ಸಂಗತಿಯೊಂದು ಎದುರಾಗುತ್ತದೆ. ತರಗತಿಯಲ್ಲಿ ಈ ಪ್ರಯೋಗ ಮಾಡಿ ನೋಡಿ. 60 ವಿದ್ಯಾರ್ಥಿಗಳ ಕ್ರಮಸಂಖ್ಯೆಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿ. ಎರಡು ಚೀಟಿ ಎತ್ತಿ, ಕಪ್ಪುಹಲಗೆಯ ಮೇಲೆ ಆ ಎರಡು ಸಂಖ್ಯೆಗಳ ನಡುವೆ ಗೆರೆ ಎಳೆದು, ಚೀಟಿಗಳನ್ನು ಮತ್ತೆ ಡಬ್ಬಿಗೆ ಹಾಕಿ ಕಲಕಿ. ಹೀಗೆಯೇ ಮುಂದುವರಿಸಿ. ಪ್ರತಿ ಹಂತದಲ್ಲೂ ಒಂದಕ್ಕೊಂದು ಸೇರಿಕೊಂಡಿರುವ ಅತಿ ದೊಡ್ಡ ಗುಂಪಿನಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿ. ಮೊದಲ ಇಪ್ಪತ್ತು ಗೆರೆಗಳವರೆಗೆ ಏನೂ ಆಗುತ್ತಿಲ್ಲವೆಂದು ಮಕ್ಕಳಿಗೆ ಬೇಸರ ಬರುತ್ತದೆ. ಎಲ್ಲೆಲ್ಲೂ ಎರಡು, ಮೂರು, ನಾಲ್ಕು ಜನರ ಚೂರುಗಳು. ಮೂವತ್ತರ ಆಸುಪಾಸಿನಲ್ಲಿ ಚೂರುಗಳು ಥಟ್ಟನೆ ಕೂಡಿಕೊಳ್ಳತೊಡಗುತ್ತವೆ.

ಹಂಗೇರಿಯ ಗಣಿತಜ್ಞರಾದ ಪಾಲ್ ಏರ್ಡಿಶ್ ಮತ್ತು ಆಲ್ಫ್ರೆಡ್ ರೇನಿ 1959-60ರಲ್ಲಿ ಇದನ್ನು ವಿವರಿಸಿದರು. ಯಾದೃಚ್ಛಿಕವಾಗಿ ಕೊಂಡಿ ಹಾಕುವಾಗ ತಲೆಗೆ ಸರಾಸರಿ ಒಂದು ಕೊಂಡಿ ಎಂಬುದು ಹೊಸ್ತಿಲು. ಪ್ರತಿ ಗೆರೆಗೂ ಎರಡು ತುದಿಗಳಿರುವುದರಿಂದ 60 ಜನರಿಗೆ 30 ಗೆರೆಗಳಾದಾಗ ಸರಾಸರಿ ಒಂದಾಗುತ್ತದೆ. ದೊಡ್ಡ ಗುಂಪಿಗೆ ಸೇರಿದವರ ಭಾಗವನ್ನು 'ಭ' ಎಂದೂ ಸರಾಸರಿ ಕೊಂಡಿಗಳನ್ನು 'ಸ' ಎಂದೂ ಕರೆಯೋಣ. ಹೊರಗುಳಿದವರ ಭಾಗವಾದ (1 − ಭ), 2.718 ಎಂಬ ಸಂಖ್ಯೆಯನ್ನು −(ಸ × ಭ) ಘಾತಕ್ಕೆ ಏರಿಸಿದರೆ ಬರುವ ಬೆಲೆಗೆ ಸಮ. ಕ್ಯಾಲ್ಕ್ಯುಲೇಟರಿನಲ್ಲಿ ಬೆಲೆಗಳನ್ನು ಹಾಕಿ ನೋಡಿ: 'ಸ' 1.5 ಆದಾಗ 'ಭ' ಸುಮಾರು 0.58, ಅಂದರೆ ನಮ್ಮ ತರಗತಿಯಲ್ಲಿ 35 ಜನ. 'ಸ' 2 ಆದಾಗ 0.80, ಅಂದರೆ 48 ಜನ. 3 ಆದರೆ 0.94. ಹೊಸ್ತಿಲಿಗಿಂತ ಕೆಳಗೆ 'ಭ' ಸೊನ್ನೆ. ನೀರು ಮಂಜುಗಡ್ಡೆಯಾಗುವಂತೆ ಇದೂ ಒಂದು ಪ್ರಾವಸ್ಥಾಂತರವೇ. (60 ಜನರು ಸಣ್ಣ ಸಂಖ್ಯೆಯಾದ್ದರಿಂದ ಹೊಸ್ತಿಲು ಸ್ವಲ್ಪ ಮಸುಕಾಗಿ ಕಾಣುತ್ತದೆ, ಪ್ರಯೋಗವನ್ನು ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ.)

ಸಮುದಾಯ ಕಟ್ಟುವವರು ಅರ್ಧದಲ್ಲಿ ಕೈಚೆಲ್ಲುವುದು ಹೆಚ್ಚಾಗಿ ಹೊಸ್ತಿಲಿಗೆ ಮುಂಚಿನ ಈ ನೀರಸ ಹಂತದಲ್ಲೇ. 2003ರ ಮೇ 5ರಂದು ಆರಂಭವಾದ ಲಿಂಕ್ಡ್‌ಇನ್ ಜಾಲದಲ್ಲಿ ಮೊದಲ ತಿಂಗಳ ಕೊನೆಗೆ ಇದ್ದವರು 4,500 ಸದಸ್ಯರು ಮಾತ್ರ. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಳ್ಳಲು ಒಪ್ಪಿದ ಬೆಲೆ 2,620 ಕೋಟಿ ಡಾಲರು. ನಡುವೆ ನಡೆದದ್ದೆಲ್ಲ ಪ್ರಶಂಸೆಗೆ ಯೋಗ್ಯವೆಂದಲ್ಲ. ಸದಸ್ಯರ ವಿಳಾಸಪುಸ್ತಕದಲ್ಲಿದ್ದವರಿಗೆ ಮತ್ತೆ ಮತ್ತೆ ಆಹ್ವಾನ ಕಳುಹಿಸಿದ ವಿಷಯ ನ್ಯಾಯಾಲಯಕ್ಕೆ ಹೋಗಿ, 2015ರಲ್ಲಿ ಕಂಪನಿ 1.3 ಕೋಟಿ ಡಾಲರು ಕೊಟ್ಟು ರಾಜಿಯಾಗಬೇಕಾಯಿತು.

ಆದರೆ ಚೀಟಿ ಎತ್ತಿ ಪರಿಚಯ ಮಾಡಿಕೊಳ್ಳುವವರು ಯಾರೂ ಇಲ್ಲ. ಊರು, ಕಾಲೇಜು, ಜಾತಿ, ಭಾಷೆ, ಕಚೇರಿ ಹೀಗೆ ನಿಜಜೀವನದ ಜಾಲ ಗುಂಪುಗುಂಪಾಗಿರುತ್ತದೆ. ಇದನ್ನು ಲೆಕ್ಕಕ್ಕೆ ತಂದವರು ಕಾರ್ನೆಲ್ ವಿಶ್ವವಿದ್ಯಾಲಯದ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗ್ಯಾಟ್ಸ್. 1998ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅವರ ಮಾದರಿ ಸರಳವಾದದ್ದು. 1,000 ಜನ ವೃತ್ತಾಕಾರವಾಗಿ ಕುಳಿತಿದ್ದಾರೆ. ಪ್ರತಿಯೊಬ್ಬರಿಗೂ ಎಡಬಲದ ಐದೈದು ಜನ ಮಾತ್ರ ಪರಿಚಿತರು. ಎದುರು ತುದಿಯವರಿಗೆ ಸುದ್ದಿ ಮುಟ್ಟಬೇಕಾದರೆ 100 ಹೆಜ್ಜೆ, ಸರಾಸರಿ ಸುಮಾರು 50. ಈಗ ನೂರಕ್ಕೆ ಒಂದರಂತೆ ಕೊಂಡಿಗಳನ್ನು ಬಿಚ್ಚಿ ಎಲ್ಲೋ ದೂರದವರಿಗೆ ಕಟ್ಟಿದರೆ ಗುಂಪುಗಳ ಬಿಗಿತ ಬಹುತೇಕ ಹಾಗೆಯೇ ಉಳಿಯುತ್ತದೆ, ಆದರೆ ಸರಾಸರಿ ಹೆಜ್ಜೆಗಳ ಸಂಖ್ಯೆ ಕುಸಿದುಬೀಳುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲವರಾಗಬೇಕಿಲ್ಲ. ಬೆರಳೆಣಿಕೆಯ ದೂರದ ಕೊಂಡಿಗಳು ಸಾಕು, ಅವು ನಿಜವಾಗಿಯೂ ದೂರದವಾಗಿದ್ದರೆ.

ಗ್ರಾನೊವೆಟರ್ ಅವರ ವಾದಕ್ಕೆ ಒಂದು ದೋಷವಿತ್ತು. ದುರ್ಬಲ ಪರಿಚಯಗಳಿಂದ ಕೆಲಸ ಸಿಕ್ಕಿತೋ, ಕೆಲಸ ಸಿಗುವಂಥ ಚಟುವಟಿಕೆಯ ಜನರಿಗೆ ಪರಿಚಯಗಳೂ ಹೆಚ್ಚಿರುತ್ತವೆಯೋ ಎಂಬುದನ್ನು ಸಮೀಕ್ಷೆಯಿಂದ ಬೇರ್ಪಡಿಸಲಾಗದು. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೆ ಪ್ರಯೋಗದ ಮೂಲಕ ಉತ್ತರ ಹುಡುಕಿತು. ಕಾರ್ತಿಕ್ ರಾಜ್‌ಕುಮಾರ್, ಸಿನಾನ್ ಅರಾಲ್ ಮೊದಲಾದವರು ಲಿಂಕ್ಡ್‌ಇನ್‌ನಲ್ಲಿ 'ಇವರು ನಿಮಗೆ ಪರಿಚಿತರಿರಬಹುದು' ಎಂದು ತೋರಿಸುವ ಸೂಚನೆಗಳನ್ನು ಬೇರೆ ಬೇರೆ ಸದಸ್ಯರಿಗೆ ಯಾದೃಚ್ಛಿಕವಾಗಿ ಬದಲಿಸಿದ್ದ ಪ್ರಯೋಗಗಳ ದತ್ತಾಂಶವನ್ನು ವಿಶ್ಲೇಷಿಸಿದರು. ಐದು ವರ್ಷ, ಎರಡು ಕೋಟಿಗೂ ಹೆಚ್ಚು ಜನ, 200 ಕೋಟಿ ಹೊಸ ಕೊಂಡಿಗಳು, ಆರು ಲಕ್ಷ ಹೊಸ ಉದ್ಯೋಗಗಳು. ಕೆಲಸ ಬದಲಿಸಲು ದುರ್ಬಲ ಬಂಧಗಳೇ ಹೆಚ್ಚು ನೆರವಾದವು. ಆದರೆ ಸಂಬಂಧ ಸರಳರೇಖೆಯಲ್ಲ, ತಲೆಕೆಳಗಾದ 'ಯು' ಆಕಾರದ್ದು. ತೀರ ಅಪರಿಚಿತರಿಂದ ಲಾಭ ಕಡಿಮೆ, ತೀರ ಆಪ್ತರಿಂದಲೂ ಕಡಿಮೆ. ನಡುವಿನ, ಸಾಧಾರಣ ದುರ್ಬಲ ಪರಿಚಯ ಎಲ್ಲಕ್ಕಿಂತ ಮೇಲು. ಅಂಕೀಯ ತಂತ್ರಜ್ಞಾನದ ಬಳಕೆ ಕಡಿಮೆಯಿರುವ ಉದ್ದಿಮೆಗಳಲ್ಲಿ ಮಾತ್ರ ಬಲವಾದ ಬಂಧಗಳು ಹೆಚ್ಚು ಉಪಯುಕ್ತವಾದವು. ತಾವು ಪ್ರಯೋಗಕ್ಕೆ ಒಳಪಟ್ಟಿದ್ದೇವೆಂದು ಸದಸ್ಯರಿಗೆ ತಿಳಿಸಿರಲಿಲ್ಲ ಎಂಬ ಆಕ್ಷೇಪವೂ ಆಗ ಕೇಳಿಬಂತು; ಆಕ್ಷೇಪದಲ್ಲಿ ಹುರುಳಿದೆ.

ಸಾಧಾರಣ ದುರ್ಬಲ ಪರಿಚಯ ಹುಟ್ಟುವುದೆಲ್ಲಿ? ಬರೀ ಖಾಲಿ ಹುದ್ದೆಗಳ ಪಟ್ಟಿಯಿಂದ ಅದು ಹುಟ್ಟುವುದಿಲ್ಲ. ಪಟ್ಟಿ ನೋಡಿದವನು ಅರ್ಜಿ ಹಾಕಿ ಹೊರಟುಹೋಗುತ್ತಾನೆ. ಕೂಡಿ ಏನನ್ನಾದರೂ ಮಾಡುವ ಕಡೆ ಅದು ತಾನಾಗಿಯೇ ಹುಟ್ಟುತ್ತದೆ. 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಕ್ರಮವಿಧಿ ಬರೆಯುವವರು ಪರಸ್ಪರರ ಸಂದೇಹಗಳಿಗೆ ಉತ್ತರ ಕೊಡುತ್ತ ಬಂದರು. ಯಾರು ಚೆನ್ನಾಗಿ ಬಲ್ಲರೆಂದು ಉತ್ತರಗಳೇ ತೋರಿಸುತ್ತಿದ್ದವು. ಆ ತಾಣ ತನ್ನ ಉದ್ಯೋಗ ವಿಭಾಗವನ್ನು 2022ರಲ್ಲಿ ಮುಚ್ಚಿತಾದರೂ, ಕೆಲಸವೇ ಪರಿಚಯಪತ್ರವಾಗುವ ಆ ತತ್ತ್ವ ಹಳತಾಗಿಲ್ಲ. ನಮ್ಮಲ್ಲೇ 2011ರ ಸುಮಾರಿಗೆ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜವಿಜ್ಞಾನ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ರೂಪುಗೊಂಡಿತು. ಈ ಪುಟಗಳನ್ನು ಓದುವ ಶಿಕ್ಷಕರಲ್ಲಿ ಕೆಲವರಾದರೂ ಅಲ್ಲಿದ್ದವರಿರಬೇಕು. ಬೀದರ್‌ನ ಶಿಕ್ಷಕರು ಕೇಳಿದ ಪ್ರಶ್ನೆಗೆ ಚಾಮರಾಜನಗರದವರು ಉತ್ತರಿಸುವಂಥ ಏರ್ಪಾಡು ಅದು. ಉದ್ದೇಶ ಪಾಠವಾದರೂ ಹುಟ್ಟಿದ್ದು ಇಂಥ ಪರಿಚಯಗಳೇ.

ನಮ್ಮ ವಿಭಾಗದಲ್ಲಿ ಆ ವಿದ್ಯಾರ್ಥಿನಿಯ ಪ್ರಕರಣದ ಬಳಿಕ ಹಳೆಯ ವಿದ್ಯಾರ್ಥಿಗಳ ಒಂದು ಸಣ್ಣ ಅಂತರ್ಜಾಲ ಸಮುದಾಯ ಮಾಡಿಕೊಂಡೆವು. ಮೊದಲ ವರ್ಷ ಅಲ್ಲಿ ಹಬ್ಬದ ಶುಭಾಶಯಗಳೇ ತುಂಬಿದವು. ಆಮೇಲೆ ಕೆಲವು ಕಟ್ಟುಪಾಡು ತಂದೆವು. ಹುದ್ದೆಯ ಸುದ್ದಿ ಹಾಕುವವರು ತಮಗೆ ಅದು ಹೇಗೆ ಗೊತ್ತಾಯಿತೆಂದು ಒಂದು ಸಾಲು ಬರೆಯಬೇಕು. ಸಂಸ್ಥೆಯ ಅಧಿಕೃತ ಪ್ರಕಟಣೆಯ ಜೊತೆ ತಾಳೆ ನೋಡಿರಬೇಕು. ನೋಂದಣಿ ಶುಲ್ಕ, ತರಬೇತಿ ಠೇವಣಿ ಎಂದು ಹಣ ಕೇಳುವ ಯಾವುದನ್ನೂ ಹಾಕುವಂತಿಲ್ಲ. ಇಂಥ ಸುಳ್ಳು ಕರೆಗಳಿಗೆ ಮೊದಲು ಬಲಿಯಾಗುವವರು ಮನೆಯಲ್ಲಿ ಕೇಳಿ ತಿಳಿದುಕೊಳ್ಳಲು ಯಾರೂ ಇಲ್ಲದ ಮಕ್ಕಳು. ಯಾರ ದೂರವಾಣಿ ಸಂಖ್ಯೆಯನ್ನೂ ಅವರ ಒಪ್ಪಿಗೆಯಿಲ್ಲದೆ ಮತ್ತೊಬ್ಬರಿಗೆ ಕೊಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಗುವ ಇಬ್ಬರು ಇದನ್ನೆಲ್ಲ ನೋಡಿಕೊಳ್ಳುತ್ತಾರೆ. ಹುದ್ದೆಗಳಿಗಿಂತ ಹೆಚ್ಚಾಗಿ ಅಲ್ಲಿ ಈಗ ನಡೆಯುವುದು ಪ್ರಾಯೋಗಿಕ ಉಪಕರಣಗಳ, ಪ್ರವೇಶ ಪರೀಕ್ಷೆಗಳ, ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳ ಚರ್ಚೆ. ಅದು ಆಗಬೇಕಾದದ್ದೇ.

ಪರಿಹಾರ ಕಾಣದ ತೊಡಕೂ ಒಂದಿದೆ. ಆಲ್ಬರ್ಟ್-ಲಾಸ್ಲೊ ಬರಾಬಾಶಿ ಮತ್ತು ರೇಕಾ ಆಲ್ಬರ್ಟ್ 1999ರಲ್ಲಿ ತೋರಿಸಿದಂತೆ, ಹೊಸಬರು ಆಗಲೇ ಹೆಚ್ಚು ಕೊಂಡಿಗಳಿರುವವರನ್ನೇ ಆರಿಸಿಕೊಂಡರೆ ಕೆಲವರ ಬಳಿ ಕೊಂಡಿಗಳು ರಾಶಿ ಬೀಳುತ್ತವೆ, ಉಳಿದವರು ಅಂಚಿನಲ್ಲೇ ಉಳಿಯುತ್ತಾರೆ. ನಮ್ಮ ಸಣ್ಣ ಸಮುದಾಯದಲ್ಲೂ ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿರುವ ಮೂರು ನಾಲ್ಕು ಜನರಿಗೇ ಎಲ್ಲ ಮಕ್ಕಳೂ ಬರೆಯುತ್ತಾರೆ, ಅವರು ಬೇಸತ್ತು ಉತ್ತರಿಸುವುದನ್ನು ಬಿಡುತ್ತಾರೆ. ತಾಲ್ಲೂಕಿನ ಕೈಗಾರಿಕಾ ಘಟಕದಲ್ಲಿ ಗುಣಮಟ್ಟ ಪರೀಕ್ಷಕನಾಗಿರುವವನಿಗೆ ಯಾರೂ ಬರೆಯುವುದಿಲ್ಲ, ಅವನ ಘಟಕದಲ್ಲಿ ಹುದ್ದೆ ಖಾಲಿಯಿದ್ದರೂ. ಹೀಗಾಗಿ ಈಗ ಅಂತಿಮ ವರ್ಷದ ಪ್ರತಿ ವಿದ್ಯಾರ್ಥಿಗೂ ಚೀಟಿ ಎತ್ತಿ ಒಬ್ಬ ಹಳೆಯ ವಿದ್ಯಾರ್ಥಿಯನ್ನು ಗೊತ್ತುಮಾಡುತ್ತೇವೆ. ಏರ್ಡಿಶ್ ಮತ್ತು ರೇನಿ ಅವರ ಡಬ್ಬಿಯೇ. ವರ್ಷದಲ್ಲಿ ಎರಡು ಸಲ ಅವರಿಗೆ ಪತ್ರ ಬರೆದು ಅವರ ಕೆಲಸದ ಬಗೆಗೆ ವಿಚಾರಿಸಬೇಕು. ಕೆಲಸ ಕೊಡಿಸಿ ಎಂದು ಕೇಳಬಾರದು. ಈ ಸಾಲಿನಲ್ಲಿ 26 ಚೀಟಿಗಳನ್ನು ಎತ್ತಿದ್ದೇವೆ. ಅವುಗಳಲ್ಲಿ ಒಂದರಲ್ಲಿ, ಎರಡು ದಿನ ತಡವಾಗಿ ಬಂದಿದ್ದ ಆ ಹುಡುಗಿಯ ಹೆಸರಿತ್ತು. ಆಕೆ ಈಗ ಬೇರೊಂದು ಪ್ರಯೋಗಾಲಯದಲ್ಲಿದ್ದಾಳೆ.