ಜಡೆಗಟ್ಟಿದ ನಾಯಿಗೆ ಕತ್ತರಿ ಹಿಡಿಯುವ ಮುನ್ನ

ಪುನರ್ವಸು, ಪುಷ್ಯ ಮಳೆ ಹಿಡಿದವೆಂದರೆ ಕವಲೇದುರ್ಗದ ಸುತ್ತಿನ ಊರುಗಳಲ್ಲಿ ಹಾಸಿದ ಬಟ್ಟೆ ಒಣಗುವುದಿಲ್ಲ, ಸಾಕಿದ ನಾಯಿಯೂ ಒಣಗುವುದಿಲ್ಲ. ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ ಸುರಿಯುವ ಆಗುಂಬೆ ಇರುವುದು ಇದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಬೆಳಿಗ್ಗೆ ತೋಟ ಸುತ್ತಿ, ಕೆಸರಲ್ಲಿ ಹೊರಳಿ ಬಂದ ನಾಯಿ ಬಚ್ಚಲೊಲೆಯ ಮುಂದೆ ಮುದುಡಿ ಮಲಗುತ್ತದೆ. ಮೇಲ್ಗೂದಲು ಒಣಗಿದಂತೆ ಕಂಡರೂ ಬುಡದಲ್ಲಿ ತೇವ ಹಾಗೇ ಇರುತ್ತದೆ. ಉದುರಿದ ಒಳಗೂದಲು, ಮಣ್ಣು, ಕಸ ಸೇರಿ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಂಟು ಬೀಳುತ್ತದೆ. ಮಳೆ ಹಿಂದಾಗುವ ಹೊತ್ತಿಗೆ ಉತ್ತರಾಣಿ ಬೀಜವೂ ಅದಕ್ಕೆ ಬಂದು ಅಂಟಿಕೊಳ್ಳುತ್ತದೆ. ದಸರೆಯ ವೇಳೆಗೆ ಬಾಚಣಿಗೆ ಇಳಿಯದ ಜಡೆ.

ನಮ್ಮ ಅಜ್ಜಂದಿರು ಸಾಕಿದ ನಾಟಿ ನಾಯಿಗಳಿಗೆ ಈ ತಾಪತ್ರಯ ಇರಲಿಲ್ಲ. ಅವುಗಳದ್ದು ಮೈಗಂಟಿದ ಗಿಡ್ಡ ಕೂದಲು, ಒಮ್ಮೆ ಮೈ ಕೊಡವಿದರೆ ಅರ್ಧ ನೀರು ಹೋಯಿತು. ಆಮೇಲೆ ಪೊಮೇರಿಯನ್ ಬಂತು, ಈಗ ಗೋಲ್ಡನ್ ರಿಟ್ರೀವರ್, ಶಿಟ್ಜು, ಲಾಸಾಗಳೂ ಜಗಲಿ ಏರಿವೆ. ಮನೆಯ ತಿಳಿವಳಿಕೆ ಮಾತ್ರ ಗಿಡ್ಡಗೂದಲ ನಾಯಿಯ ಕಾಲದ್ದೇ ಉಳಿದಿದೆ. ಉದ್ದಗೂದಲ ನಾಯಿಗಳಿಗೆ ಪೆಟ್ಟಾಗುತ್ತಿರುವುದು ಅಲ್ಲಿ.

“ಬಿಸಿನೀರಲ್ಲಿ ಚೆನ್ನಾಗಿ ತೊಳೆದರೆ ಗಂಟು ಬಿಡುತ್ತದೆ”

ಬಿಡುವುದಿಲ್ಲ, ಬಿಗಿಯುತ್ತದೆ. ಒದ್ದೆಯಾದ ಜಡೆ ಒಣಗುತ್ತ ಇನ್ನಷ್ಟು ಕುಗ್ಗಿ ಚರ್ಮವನ್ನು ಎಳೆದು ಹಿಡಿಯುತ್ತದೆ. ಸೋಪಿನ ನೊರೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅಡಿಯ ಚರ್ಮ ದಿನಗಟ್ಟಲೆ ಹಸಿಯಾಗೇ ಇದ್ದು ಕೆಂಪೇರಿ, ರಸಿಕೆ ಸುರಿಸುವ ಹುಣ್ಣಾಗುತ್ತದೆ. ಅದರ ಮೇಲೆ ನೊಣ ಕೂತರೆ ಕತೆಯೇ ಬೇರೆ. ಸೆಕೆಯ ದಿನಗಳಲ್ಲಿ ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳ ಬೀಳುತ್ತದೆ, ಜಡೆಯ ಮರೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಮೊದಲು ಗಂಟು, ಆಮೇಲೆ ಸ್ನಾನ. ಬೆರಳಿಗೆ ಸಿಗುವ ಸಣ್ಣ ಸಿಕ್ಕಾದರೆ ಕೂದಲನ್ನು ಬುಡದಲ್ಲಿ ಬಿಗಿಯಾಗಿ ಹಿಡಿದುಕೊಂಡು ತುದಿಯಿಂದ ಬಿಡಿಸುತ್ತ ಬನ್ನಿ. ಬುಡ ಹಿಡಿದರೆ ಎಳೆತ ಚರ್ಮಕ್ಕೆ ತಾಗುವುದಿಲ್ಲ. ಹತ್ತಿಪ್ಪತ್ತು ನಿಮಿಷಕ್ಕೂ ಬಿಡದ ಗಂಟಿನ ಜೊತೆ ಹಟ ಹಿಡಿಯಬೇಡಿ, ನಾಯಿಗೆ ಅದು ಬರೀ ನೋವು. ಅದನ್ನು ಬೋಳಿಸುವುದೇ ದಯೆ.

“ಮೊಂಡು ತುದಿಯ ಕತ್ತರಿಯಾದರೆ ಏನೂ ಆಗದು”

ಇದರಷ್ಟು ಅಪಾಯದ ನಂಬಿಕೆ ಇನ್ನೊಂದಿಲ್ಲ. ನಾಯಿಯ ಚರ್ಮ ಮನುಷ್ಯರದ್ದಕ್ಕಿಂತ ತೆಳು, ಮತ್ತು ಸಡಿಲ. ಕಿವಿಯ ಹಿಂದಿನ ಒಂದು ಗಂಟನ್ನು ಬೆಳಕಿಗೆ ಹಿಡಿದು ನೋಡಿ. ಗಂಟನ್ನು ಮೆಲ್ಲಗೆ ಎತ್ತಿದರೆ ಅದರ ಜೊತೆಗೇ ಚರ್ಮ ಗುಡಾರದಂತೆ ಮೇಲೇಳುತ್ತದೆ. ಆ ಏರಿದ ಚರ್ಮಕ್ಕೂ ಕೂದಲಿಗೂ ಗೆರೆ ಎಲ್ಲಿ ಎಂದು ಕಣ್ಣಿಗೆ ತಿಳಿಯದು, ಬಣ್ಣವೂ ಹೆಚ್ಚುಕಡಿಮೆ ಒಂದೇ. ಕೂದಲೆಂದು ಕತ್ತರಿ ಹಾಕಿದ್ದು ಚರ್ಮದ ಮಡಿಕೆಯಾಗಿರುತ್ತದೆ. ಚುಚ್ಚದಂತೆ ಕಾಯುವುದಷ್ಟೇ ಮೊಂಡು ತುದಿಯ ಕೆಲಸ. ಸೀಳುವುದು ಅಲಗು, ಅಲಗು ಯಾವ ಕತ್ತರಿಯಲ್ಲೂ ಹರಿತವೇ. ಹಾಗೆ ಸೀಳಿದ ಗಾಯಕ್ಕೆ ಎಷ್ಟೋ ಸಲ ಹೊಲಿಗೆಯೇ ಬೇಕಾಗುತ್ತದೆ. “ಬಾಚಣಿಗೆ ಅಡ್ಡ ಕೊಟ್ಟು ಅದರ ಮೇಲೆ ಕತ್ತರಿಸಿ” ಎನ್ನುವವರಿದ್ದಾರೆ. ಗಂಟಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿದರೆ ಸರಿ. ಗಟ್ಟಿ ಜಡೆಯಲ್ಲಿ ಅದು ತೂರುವುದೇ ಇಲ್ಲ.

ಬೇಕಾದದ್ದು ಪ್ರಾಣಿಗಳ ಕೂದಲು ತೆಗೆಯುವ ಕ್ಲಿಪ್ಪರ್. ಗಡ್ಡದ ಟ್ರಿಮ್ಮರ್ ಈ ಒತ್ತು ಕೂದಲಿಗೆ ಸಿಕ್ಕಿಬಿದ್ದು ನಿಲ್ಲುತ್ತದೆ, ನಿಲ್ಲುವಾಗ ಕೂದಲು ಕೀಳುತ್ತದೆ. ಒಮ್ಮೆ ಕಿತ್ತರೆ ನಾಯಿ ಮತ್ತೆ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಬ್ಲೇಡು 10ನೇ ನಂಬರಿನದಿರಲಿ, ಅದು ಚರ್ಮದ ಮೇಲೆ ಸುಮಾರು ಒಂದೂವರೆ ಮಿ.ಮೀ. ಕೂದಲು ಉಳಿಸುತ್ತದೆ. ಉದ್ದ ಕೂದಲು ಬಿಡುವ ಬ್ಲೇಡಿನ ಹಲ್ಲುಗಳು ಅಗಲ, ಅವುಗಳ ನಡುವೆ ಚರ್ಮವೇ ಸಿಕ್ಕಿಕೊಳ್ಳಬಹುದು. “ಸ್ವಲ್ಪ ಉದ್ದವೇ ಬಿಡೋಣ” ಎಂಬ ಕರುಣೆ ಇಲ್ಲಿ ಕೈಕೊಡುತ್ತದೆ.

ಮೇಜಿನ ಮೇಲೆ ಗೋಣಿಚೀಲ ಹಾಸಿ, ಮನೆಯವರೊಬ್ಬರು ತಲೆ ಸವರುತ್ತ ಹಿಡಿದುಕೊಳ್ಳಲಿ. ಒಂದೆರಡು ದಿನ ಮೊದಲೇ ಕ್ಲಿಪ್ಪರ್ ಚಾಲೂ ಮಾಡಿ, ಸದ್ದು ಕೇಳಿಸಿ, ತಿನ್ನಲು ಏನಾದರೂ ಕೊಟ್ಟಿದ್ದರೆ ಅರ್ಧ ಹೆದರಿಕೆ ಅಲ್ಲೇ ಮುಗಿದಿರುತ್ತದೆ. ಬ್ಲೇಡನ್ನು ಚರ್ಮಕ್ಕೆ ಚಪ್ಪಟೆಯಾಗಿಟ್ಟು, ಇನ್ನೊಂದು ಕೈಯಿಂದ ಚರ್ಮ ಬಿಗಿಹಿಡಿದು, ಕೂದಲು ಬೆಳೆದ ದಿಕ್ಕಿಗೇ ಗಂಟಿನ ಅಡಿಯಿಂದ ಸಾಗಿಸಿ. ಒತ್ತಬೇಡಿ. ಐದಾರು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮುಂಗೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ನಿಮಗೆ ಚುರುಕ್ಕೆಂದರೆ ನಾಯಿಗೆ ಆಗಲೇ ಸುಡುತ್ತಿದೆ. ಕಂಕುಳು, ಹಿಂಗಾಲಿಗೂ ಹೊಟ್ಟೆಗೂ ನಡುವಿನ ತೆಳು ಮಡಿಕೆ, ಮೊಲೆತೊಟ್ಟು, ಬಾಲದ ಅಡಿ, ಬೆರಳ ಸಂದಿ, ಇಲ್ಲೆಲ್ಲ ಅವಸರ ಕೂಡದು. ಒಂದೇ ದಿನ ಮುಗಿಸಬೇಕೆಂದೇನಿಲ್ಲ. ಇವತ್ತು ಎರಡು ಗಂಟು, ನಾಡಿದ್ದು ಎರಡು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ನೆಚ್ಚಿ ಕೂರಲಾಗದು, ಆದ್ದರಿಂದ ಚಾರ್ಜ್ ಮಾಡುವ ಕ್ಲಿಪ್ಪರೇ ಮೇಲು. ಒದ್ದೆ ಅಂಗಳದಲ್ಲಿ ವೈರಿನದ್ದನ್ನು ಹಿಡಿಯಲೇಬೇಡಿ.

“ಬೇಸಿಗೆಗೆ ಪೂರ್ತಿ ಬೋಳಿಸಿದರೆ ತಂಪು”

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಸೆಕೆ ಹೋಗುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುವುದರಿಂದ. ಪೊಮೇರಿಯನ್, ಗೋಲ್ಡನ್ ರಿಟ್ರೀವರ್‌ಗಳಿಗೆ ಎರಡು ಪದರದ ಕೂದಲು: ಒಳಗೆ ಮೃದು, ಹೊರಗೆ ಒರಟು. ಬಾಚಿ ಇಟ್ಟ ಆ ಪದರ ಬಿಸಿಲ ಕಾವನ್ನು ಚರ್ಮಕ್ಕೆ ಇಳಿಯಗೊಡುವುದಿಲ್ಲ. ಅದನ್ನು ಬೋಳಿಸಿದರೆ ಚರ್ಮ ಬಿಸಿಲಿಗೆ ಸುಡುತ್ತದೆ, ಕೆಲವು ನಾಯಿಗಳಿಗೆ ಕೂದಲು ತಿಂಗಳುಗಟ್ಟಲೆ ಬಾರದೆ ತೇಪೆತೇಪೆಯಾಗಿ ಬರುವುದೂ ಉಂಟು. ಶಿಟ್ಜು, ಲಾಸಾಗಳದ್ದು ಬೆಳೆಯುತ್ತಲೇ ಹೋಗುವ ಕೂದಲು, ಅವಕ್ಕೆ ಆಗಾಗ ಕತ್ತರಿಸುವುದೇ ಸರಿ. ಹಾಗೆಂದು ಪೊಮೇರಿಯನ್ ಮೈಪೂರ್ತಿ ಜಡೆಗಟ್ಟಿದ್ದರೆ “ಎರಡು ಪದರ, ಬೋಳಿಸಬಾರದು” ಎಂದು ಕೂರುವುದೂ ತಪ್ಪೇ. ಜಡೆಗಟ್ಟಿದ ಕೂದಲಲ್ಲಿ ಗಾಳಿಯಾಡುವುದಿಲ್ಲ, ಅದು ಬಿಸಿಲನ್ನೂ ತಡೆಯದು, ಚಳಿಯನ್ನೂ ತಡೆಯದು.

“ಬೋಳಿಸಿದರೆ ಉಣುಗು ಹತ್ತದು, ಉಳಿದದ್ದಕ್ಕೆ ಸೀಮೆಎಣ್ಣೆ”

ಬೋಳಿಸಿದರೆ ಉಣುಗು ಕಣ್ಣಿಗೆ ಕಾಣುತ್ತದೆ ನಿಜ, ಹತ್ತುವುದು ನಿಲ್ಲುವುದಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಅದಕ್ಕೆ ಜಾಗ ಇದ್ದೇ ಇದೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಶ್ವಾಸಕೋಶಕ್ಕೂ ಕೇಡು. ಕರ್ಪೂರವೂ ನಾಯಿಗೆ ವಿಷವೇ. ಪಶುವೈದ್ಯರು ತೂಕ ನೋಡಿ ಕೊಡುವ ಹನಿ ಔಷಧ ಅಥವಾ ಮಾತ್ರೆಯೇ ದಾರಿ.

ಇಲ್ಲಿನವರಿಗೆ ಉಣುಗು ಎಂದರೆ ಎದೆ ಝಲ್ಲೆನ್ನುವುದು ಸಹಜ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಜೀವ ತೆಗೆಯಿತು. ಆ ಕಾಯಿಲೆ ಮುಖ್ಯವಾಗಿ ಹರಡುವುದು ಕಾಡಿನ ದರಗಿನಲ್ಲಿರುವ ಬೇರೆ ಜಾತಿಯ ಉಣುಗಿನ ಮರಿಗಳಿಂದ. ನಾಯಿಯ ಮೈಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣುಗು ತರುವುದು ನಾಯಿಗೇ ಬರುವ ಎರ್ಲಿಕಿಯಾ, ಬಬೇಸಿಯಾದಂಥ ಜ್ವರಗಳನ್ನು. ನಾಯಿ ಬೋಳಿಸಿದೆವು, ಇನ್ನು ಮಂಗನ ಕಾಯಿಲೆಯ ಭಯವಿಲ್ಲ ಎಂದು ಮೈಮುಚ್ಚುವ ಬಟ್ಟೆ ಹಾಕದೆ ಸೊಪ್ಪಿಗೆ ಹೋಗಬೇಡಿ.

“ಅರ್ಧ ನಿದ್ದೆಮಾತ್ರೆ ಕೊಟ್ಟು ಬೋಳಿಸಿಬಿಡಿ”

ಮನುಷ್ಯರ ಮಾತ್ರೆ ಬೇಡವೇ ಬೇಡ, ನೋವಿನ ಮಾತ್ರೆಯೂ ಬೇಡ. ಕೆಲವು ನಾಯಿಗಳು ನಿದ್ದೆಮಾತ್ರೆಗೆ ಮಲಗುವ ಬದಲು ಕೆರಳುತ್ತವೆ, ಐಬುಪ್ರೊಫೆನ್ ಅಂತೂ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಹಿಡಿಯಲು ಬಿಡದ ನಾಯಿ, ಮೈಯೆಲ್ಲ ಒಂದೇ ಪದರವಾದ ಜಡೆ, ನಾತ, ಹುಳ, ಇವುಗಳಲ್ಲಿ ಒಂದಿದ್ದರೂ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ಅರಿವಳಿಕೆ ಕೊಟ್ಟೇ ಮಾಡಬೇಕೆಂದರೆ ತೀರ್ಥಹಳ್ಳಿಯಿಂದ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಬೋಳಿಸಿದ ಮೇಲಿನ ಎರಡು ದಿನಗಳನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜಡೆಯಡಿ ಬಿಗಿದುಕೊಂಡಿದ್ದ ಚರ್ಮಕ್ಕೆ ರಕ್ತ ಸರಾಗವಾಗಿ ಹರಿಯತೊಡಗಿದಾಗ ತುರಿಕೆ ಏಳುತ್ತದೆ. ಕಿವಿಯ ಗಂಟು ತೆಗೆದಿದ್ದರೆ ನಾಯಿ ತಲೆ ಕೊಡವುತ್ತಲೇ ಇರುತ್ತದೆ. ಹಾಗೆ ಕೊಡವಿ ಕೊಡವಿ ಕಿವಿಯ ಒಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ತುಂಬಿಕೊಳ್ಳಬಹುದು. ಹಳೆಯ ಕಾಲುಚೀಲದ ಎರಡೂ ತುದಿ ಕತ್ತರಿಸಿ, ಕಣ್ಣು, ಮೂಗಿಗೆ ಅಡ್ಡವಾಗದಂತೆ ತಲೆಗೆ ಏರಿಸಿ ಕಿವಿಗಳನ್ನು ಸಡಿಲವಾಗಿ ಹಿಡಿದಿಡಿ. ಕುತ್ತಿಗೆ ಬಿಗಿಯಬಾರದು, ಪಕ್ಕದಲ್ಲಿ ನಿಗಾ ಇಡುವವರಿರಬೇಕು. ಕಿವಿ ಊದಿ ಮೆತ್ತಗಾಗಿ ಬಿಸಿ ಕಂಡರೆ ಸೂಜಿ ಚುಚ್ಚಿ ರಕ್ತ ತೆಗೆಯಲು ಹೋಗದೆ ಅದೇ ದಿನ ಆಸ್ಪತ್ರೆಗೆ ತೋರಿಸಿ.