ಮೊಬೈಲಿನ ನಮೂನೆಯೂ ಅದರ ಲಕ್ಷಣಪತ್ರವೂ

ಕಳೆದ ಮಳೆಗಾಲದಲ್ಲಿ ಕುಟುಂಬದ ವಿವರಗಳನ್ನು ಬರೆದುಕೊಳ್ಳಲು ಒಬ್ಬ ಹೆಣ್ಣುಮಗಳು ಮೊಬೈಲನ್ನು ಹಿಡಿದು ನಮ್ಮ ಮನೆಗೆ ಬಂದಿದ್ದಳು. ನಮ್ಮ ಮಾತೃಶ್ರೀಯವರ ಜನ್ಮದಿನವನ್ನು ಕೇಳಲು, ಅವರು “ಶ್ರಾವಣದಲ್ಲಿ ಹುಟ್ಟಿದೆನಂತೆ, ವರ್ಷ ತಿಳಿಯದಮ್ಮ” ಎಂದರು. ತಾರೀಖನ್ನು ತುಂಬದ ಹೊರತು ಮುಂದಿನ ಪ್ರಶ್ನೆ ತೆರೆಯಲೊಲ್ಲದು. “ಏನು ಮಾಡಲಿ ಮೇಷ್ಟ್ರೇ, ಇದು ಬಿಡುವುದಿಲ್ಲ” ಎಂದು ಆಕೆ ಯಾವುದೋ ವರ್ಷದ ಜನವರಿ 1ನ್ನು ತುಂಬಿದಳು. ಸುಳ್ಳು ಬರೆಯುವೆಯಾ ಎಂದು ನಾವು ಆಕೆಯ ಮೇಲೆ ಸಿಡುಕಿದೆವು.

ಅನಂತರ ಈ ವಿದ್ಯೆಯನ್ನು ಬಲ್ಲ ಹಳೆಯ ಶಿಷ್ಯನೊಬ್ಬನಿಂದ ತಿಳಿದುದೇನೆಂದರೆ, ಇಂಥ ನಮೂನೆಗಳ ಒಂದೊಂದು ಪುಟವನ್ನೂ ಬೇರೆಬೇರೆಯಾಗಿ ಕೈಯಿಂದ ರಚಿಸಬೇಕಾಗಿಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ 2008ರಲ್ಲಿ ಆರಂಭವಾದ ಓಡಿಕೆ ಎಂಬ ಸಾಧನವನ್ನೇ ನೋಡಿರಿ. ನಮೂನೆಯನ್ನು ಸಿದ್ಧಪಡಿಸುವವನು ಎಕ್ಸೆಲ್ ಕೋಷ್ಟಕದಲ್ಲಿ ಪ್ರಶ್ನೆಗೊಂದು ಸಾಲಿನಂತೆ ಅದರ ಲಕ್ಷಣಗಳನ್ನು ಬರೆಯುತ್ತಾನೆ: ಉತ್ತರವು ಸಂಖ್ಯೆಯೋ, ತಾರೀಖೋ, ಆಯ್ಕೆಯೋ, ಯಾವ ಮಿತಿಯೊಳಗಿರಬೇಕು, ಕಡ್ಡಾಯವೋ ಅಲ್ಲವೋ, ಯಾವ ಸಂದರ್ಭದಲ್ಲಿ ಮಾತ್ರ ಕೇಳಬೇಕು. ಈ ಲಕ್ಷಣಗಳಿಗೇ ಮೆಟಾಡೇಟಾ ಎಂದು ಹೆಸರು. ಮೊಬೈಲು ಇವನ್ನು ಓದಿ ತೆರೆಯನ್ನು ತಾನೇ ನಿರ್ಮಿಸುತ್ತದೆ. ಮಕ್ಕಳಿಲ್ಲವೆಂದವರಿಗೆ ಮಕ್ಕಳ ಹೆಸರನ್ನು ಕೇಳದಂತೆ ವಿಧಿಸಬಹುದು. ಕನ್ನಡದ ಪ್ರಶ್ನೆಗಳಿಗಾಗಿ ಒಂದು ಅಂಕಣವನ್ನು ಸೇರಿಸಿದರೆ ಅದೇ ನಮೂನೆಯು ಕನ್ನಡದಲ್ಲಿ ಕಾಣಿಸಿಕೊಳ್ಳುತ್ತದೆ.

ಸಂಸ್ಕೃತವನ್ನೋದಿದವರಿಗೆ ಈ ಕ್ರಮವು ಅಪರಿಚಿತವಲ್ಲ. ಪಾಣಿನಿಯು ಪ್ರತ್ಯಯಗಳಿಗೆ ‘ಇತ್’ ಎಂಬ ಗುರುತಿನ ಅಕ್ಷರಗಳನ್ನು ಸೇರಿಸಿರುವನಷ್ಟೆ. ‘ಕೃ’ ಧಾತುವಿಗೆ ‘ತೃಚ್’ ಪ್ರತ್ಯಯ ಬಂದರೆ ‘ಕರ್ತೃ’ ಎಂದಾಗುತ್ತದೆ. ‘ಕ್ತ’ ಪ್ರತ್ಯಯ ಬಂದರೆ ‘ಕೃತ’ ಎಂದೇ ಉಳಿಯುತ್ತದೆ. ‘ಕ್ತ’ದಲ್ಲಿರುವ ಕಕಾರವು ತಾನು ಲೋಪವಾದರೂ, ಋಕಾರವು ‘ಅರ್’ ಆಗುವುದನ್ನು ತಡೆಯುತ್ತದೆ. ಸಿದ್ಧರೂಪದಲ್ಲಿ ಕಾಣದ ಅಕ್ಷರವೇ ರೂಪವನ್ನು ಆಳುತ್ತದೆ.

ನಮ್ಮ ಮನೆಗೆ ಬಂದ ನಮೂನೆಯ ಸ್ಥಿತಿಯೂ ಹೀಗೆಯೇ. ಜನ್ಮದಿನದ ಪ್ರಶ್ನೆಗೆ ‘ಕಡ್ಡಾಯ’ ಎಂಬ ಗುರುತಿತ್ತು. ‘ತಿಳಿಯದು’ ಎಂಬ ಉತ್ತರಕ್ಕೆ ಎಡೆಯಿರಲಿಲ್ಲ. ಲಕ್ಷಣವನ್ನು ಬರೆದವರು ತಾರೀಖನ್ನರಿಯದ ತಾಯಂದಿರನ್ನು ನೆನೆದಿರಲಿಲ್ಲ. ಕೋಷ್ಟಕದ ಒಂದು ಸಾಲು ತಪ್ಪಾದರೆ ಆ ನಮೂನೆ ಹೋದ ಮನೆಮನೆಯಲ್ಲಿಯೂ ತಪ್ಪು. ಅದೊಂದನ್ನು ತಿದ್ದಿ ಮರಳಿ ಕಳುಹಿಸಿದರೆ ಎಲ್ಲೆಡೆಯಲ್ಲಿಯೂ ಸರಿ.

ಆದುದರಿಂದ ಗೃಹಸ್ಥರು ಇಂಥ ಸಂದರ್ಭದಲ್ಲಿ ಸುಳ್ಳು ತಾರೀಖಿಗೆ ಸುಮ್ಮನೆ ಒಪ್ಪದೆ, ಷರಾ ಬರೆಯಲು ಸ್ಥಳವಿದ್ದರೆ ‘ಅಂದಾಜು’ ಎಂದು ಬರೆಯಿಸತಕ್ಕದ್ದು. ಆ ತೊಡಕನ್ನು ನಮೂನೆ ಮಾಡಿದವರಿಗೆ ತಿಳಿಸುವಂತೆಯೂ ಹೇಳಬೇಕು. ಆದರೆ ಬಾಗಿಲಿಗೆ ಬಂದವರನ್ನು ಗದರಿಸುವುದು ಧರ್ಮವಲ್ಲ. ಅಂದು ಆ ಹುಡುಗಿ ನಮ್ಮ ಮಾತೃಶ್ರೀಯವರು ಕೊಟ್ಟ ಕಾಫಿಯನ್ನು ಮುಟ್ಟದೆ ಮಳೆಯಲ್ಲಿಯೇ ಹೊರಟುಹೋದಳು. ತಪ್ಪು ಎಲ್ಲಿತ್ತೆಂಬುದನ್ನು ತಿಳಿದ ಮೇಲೆ, ನಾವು ತಿದ್ದಬೇಕಾದ ಸಾಲು ನಮ್ಮಲ್ಲಿಯೂ ಒಂದಿದೆಯೆಂದು ಮನಸ್ಸಿಗೆ ಬಂದಿತು.