ಬೆರಳುಗಳ ಮೇಲೆ ನಡೆಯುವ ಸಸ್ತನಿಗಳು

ನಾಯಿಯ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿರುವ ಗಂಟನ್ನು ತೋರಿಸಿ ಅದೇನೆಂದು ಕೇಳಿದರೆ, ಹೆಚ್ಚಿನ ಮಕ್ಕಳು ‘ಮೊಣಕಾಲು’ ಎನ್ನುತ್ತಾರೆ. ಅದು ಮೊಣಕಾಲಲ್ಲ, ಹಿಮ್ಮಡಿ. ಮೊಣಕಾಲು ಅದಕ್ಕಿಂತ ಮೇಲೆ, ಹೊಟ್ಟೆಯ ಸಮೀಪದಲ್ಲಿದ್ದು, ಮನುಷ್ಯನಲ್ಲಿರುವಂತೆಯೇ ಮುಂದಕ್ಕೆ ಮುಖಮಾಡಿದೆ. ನಾಯಿಯು ಹಿಮ್ಮಡಿಯನ್ನು ಸದಾ ಎತ್ತಿಕೊಂಡು ಬೆರಳುಗಳನ್ನು ಮಾತ್ರ ನೆಲಕ್ಕೂರಿ ನಡೆಯುತ್ತದೆ. ಇಂತಹ ಪ್ರಾಣಿಗಳನ್ನು ಅಂಗುಲಿಚಾರಿಗಳು ಎನ್ನಬಹುದು.

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಹಬ್ಬಿರುವ ಆನೈಮಲೈ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮೂರು ಬಗೆಯ ನಡಿಗೆಗೂ ನಿದರ್ಶನಗಳಿವೆ. ಹುಲಿ, ಚಿರತೆ, ಕಾಡುಬೆಕ್ಕು, ಸೀಳುನಾಯಿಗಳು ಅಂಗುಲಿಚಾರಿಗಳು. ಕರಡಿಯು ಮನುಷ್ಯನಂತೆ ಅಂಗಾಲನ್ನು ಪೂರ್ತಿಯಾಗಿ ಊರುತ್ತದೆ. ಕಡವೆ, ಕಾಡುಕೋಣಗಳು ಗೊರಸಿನ ಮೇಲೆ, ಅಂದರೆ ಬೆರಳಿನ ತುದಿಯ ಮೇಲೆ, ನಡೆಯುತ್ತವೆ. ಊರಿನ ಕಾಂಗೇಯಂ ದನಗಳ ನಡಿಗೆಯೂ ಇದೇ. ಆನೆಯ ಪಾದ ನೋಟಕ್ಕೆ ಚಪ್ಪಟೆಯಾದರೂ ಅದರ ಬೆರಳೆಲುಬುಗಳು ಓರೆಯಾಗಿ ನಿಂತಿವೆ; ಅವುಗಳ ಹಿಂದಿರುವ ಕೊಬ್ಬಿನ ದಪ್ಪ ಮೆತ್ತೆಯು ಭಾರವನ್ನು ಹಂಚಿಕೊಳ್ಳುತ್ತದೆ.

ಹಿಮ್ಮಡಿ ಮೇಲೆದ್ದಾಗ ಪಾದವೂ ಕಾಲಿನ ಉದ್ದಕ್ಕೆ ಸೇರಿ ಹೆಜ್ಜೆ ದೊಡ್ಡದಾಗುತ್ತದೆ. ಹಿಮ್ಮಡಿಗೆ ಅಂಟಿದ ಸ್ನಾಯುರಜ್ಜು ಹಿಗ್ಗಿ ಕುಗ್ಗುತ್ತಾ ಓಟಕ್ಕೆ ಪುಟ ಕೊಡುತ್ತದೆ. ಅಂಗಾಲನ್ನು ಊರುವ ಕರಡಿಗೆ ದೊರೆಯುವ ಲಾಭ ಬೇರೆ: ಹಿಂಗಾಲುಗಳ ಮೇಲೆ ಎದ್ದು ನಿಲ್ಲುವಾಗ ಅದಕ್ಕೆ ಭದ್ರವಾದ ಆಧಾರವಿರುತ್ತದೆ.

ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರವನ್ನು ಗುರುತಿಸಬೇಕು. ಬಳಿಕ ಹಿಮ್ಮಡಿ ಎತ್ತಿಸಿ ಮತ್ತೆ ಗುರುತಿಸಬೇಕು. ಎರಡು ಗುರುತುಗಳ ಅಂತರವೇ ಪಾಠವನ್ನು ಹೇಳುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮಕ್ಕಳಿಗೆ ‘ಹಿಮ್ಮಡಿ’ ಎಂಬ ಪದ ಹೊಸದಾಗಿರಬಹುದು. ‘ಕುದಿಕಾಲ್’ ಎಂಬ ತಮಿಳು ಪದವನ್ನು ಒಮ್ಮೆ ಹೇಳಿ, ತಮ್ಮ ಹಿಮ್ಮಡಿಯನ್ನು ಮುಟ್ಟಿಸಿದರೆ ಕನ್ನಡದ ಪದ ಮನಸ್ಸಿನಲ್ಲಿ ನಿಲ್ಲುತ್ತದೆ.

ಹೆಜ್ಜೆಗುರುತಿನ ಪಾಠಕ್ಕೆ ಶಾಲೆಯ ಅಂಗಳದ ಒದ್ದೆ ಮಣ್ಣು ಸಾಕು. ನಾಯಿಯ ಹೆಜ್ಜೆಯಲ್ಲಿ ನಾಲ್ಕು ಬೆರಳುಗಳ ಮುಂದೆ ಉಗುರಿನ ಗುರುತುಗಳಿರುತ್ತವೆ. ಬೆಕ್ಕು ಉಗುರುಗಳನ್ನು ಒಳಕ್ಕೆ ಸೆಳೆದುಕೊಂಡು ನಡೆಯುವುದರಿಂದ ಅದರ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಅವು ಕಾಣವು. ಚಿರತೆಯ ಹೆಜ್ಜೆಯೂ ಹೀಗೆಯೇ, ಆದರೆ ಬಹಳ ದೊಡ್ಡದು.

ಈ ಭೇದ ಕೇವಲ ಪರೀಕ್ಷೆಗಾಗಿ ಕಲಿಯುವಂಥದ್ದಲ್ಲ. ವಾಲ್ಪಾರೈ ಚಹಾತೋಟಗಳಲ್ಲಿ ಚಿರತೆಯ ದಾಳಿಗೆ ಮಕ್ಕಳು ಬಲಿಯಾದ ಘಟನೆಗಳು ನಡೆದಿವೆ. ಉಗುರಿನ ಗುರುತಿಲ್ಲದ ದೊಡ್ಡ ಹೆಜ್ಜೆ ಕಂಡರೆ ಅದರ ಜಾಡು ಹಿಡಿದು ಹೋಗಬಾರದು. ಕೂಡಲೇ ಹಿಂದಿರುಗಿ ಹಿರಿಯರಿಗೆ ತಿಳಿಸಬೇಕು, ಹಿರಿಯರು ಅರಣ್ಯ ಇಲಾಖೆಗೆ ತಿಳಿಸಬೇಕು. ಪಾಠ ಮುಗಿಯುವ ಮುನ್ನ ಈ ಮಾತನ್ನು ಪ್ರತಿಯೊಂದು ಮಗುವಿನ ಬಾಯಿಂದಲೂ ಹೇಳಿಸುವುದು ಅವಶ್ಯಕ.